ಐಡಿ ಬ್ಲಾಕ್ ಮಾಡಿದ್ದು ಯಾರು?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ಮಗ ಬೆಂಗಳೂರಿನಲ್ಲಿ ಫುಡ್ ಡೆಲಿವರಿ ಮಾಡುತ್ತಾನೆ. ಒಂದು ಬೆಳಿಗ್ಗೆ ಲಾಗಿನ್ ಆಗಲು ಹೋದರೆ ಐಡಿ ಬ್ಲಾಕ್. ಚಾಟ್‌ನಲ್ಲಿ ಕೇಳಿದರೆ ‘ನಿಯಮ ಉಲ್ಲಂಘನೆ’ ಎಂಬ ಒಂದೇ ಉತ್ತರ. ಯಾವ ನಿಯಮ, ಯಾವತ್ತು, ಯಾರ ದೂರು? ಏನೂ ಇಲ್ಲ. “ಎಐಗೆ ಕಡಿವಾಣ ಹಾಕಬೇಕು ಅಂತ ನೀವೂ ಬರೀತೀರಿ. ಎಂಜಿನಿಯರುಗಳಿಗೇ ಪೂರ್ತಿ ಅರ್ಥವಾಗದ್ದನ್ನು ಲೇಬರ್ ಇನ್ಸ್‌ಪೆಕ್ಟರ್ ಏನು ಹಿಡೀತಾರೆ? ಅದರ ಬದಲು ಸರ್ಕಾರವೇ ಒಂದು ಆಪ್ ನಡೆಸಬಾರದಾ?” ಎಂದು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇನ್ಸ್‌ಪೆಕ್ಟರ್ ಬಗ್ಗೆ ಹೇಳಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಂಗಡಿಯ ತಕ್ಕಡಿ ಪರೀಕ್ಷೆಗೆ ಬರುವ ಅಧಿಕಾರಿ ಅದನ್ನು ಬಿಚ್ಚಿ ಒಳಗಿನ ಸರ್ಕ್ಯೂಟ್ ಓದುವುದಿಲ್ಲ. ತಾನು ತಂದ ತೂಕದ ಕಲ್ಲು ಇಟ್ಟು ನೋಡುತ್ತಾನೆ. ಒಂದು ಕೆಜಿ ಕಲ್ಲಿಗೆ 1,050 ಗ್ರಾಂ ತೋರಿಸಿದರೆ ಮುಗೀತು, ಇನ್ನು ಮಾತಾಡಬೇಕಾದವನು ಅಂಗಡಿಯವನು. ಆಪ್ ವಿಷಯವೂ ಅಷ್ಟೇ. ಒಂದೇ ಏರಿಯಾದಲ್ಲಿ, ಒಂದೇ ರೇಟಿಂಗ್ ಇರುವ ಇಬ್ಬರು ಹುಡುಗರಿಗೆ ತಿಂಗಳಲ್ಲಿ ಎಷ್ಟೆಷ್ಟು ಆರ್ಡರ್ ಬಂತು, ಎಷ್ಟು ದುಡ್ಡು ಬಂತು ಅಂತ ಪಟ್ಟಿ ತರಿಸಿ ಪಕ್ಕಪಕ್ಕ ಇಟ್ಟರೆ ಸಾಕು. ಅದಕ್ಕೆ ಕೋಡ್ ಓದಲು ಬರಬೇಕಾಗಿಲ್ಲ. ಪಟ್ಟಿ ಕೇಳುವ ಅಧಿಕಾರ ಇರಬೇಕು.

ಇದು ಸುಮ್ನೆ ಆಸೆಯ ಮಾತಲ್ಲ. 2023ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನ ಮೇಲ್ಮನವಿ ನ್ಯಾಯಾಲಯ ಎರಡು ಟ್ಯಾಕ್ಸಿ ಕಂಪನಿಗಳ ವಿರುದ್ಧ ತೀರ್ಪು ಕೊಟ್ಟಿತು. ಒಂದು ಊಬರ್, ಇನ್ನೊಂದು ನಮ್ಮ ಬೆಂಗಳೂರಿನದೇ ಆದ ಓಲಾ. ಕೋರ್ಟಿಗೆ ಹೋದವರಲ್ಲಿ ಹೆಚ್ಚಿನವರು ಬ್ರಿಟನ್‌ನ ಚಾಲಕರು. ಕೆಲವರನ್ನು ಊಬರ್ ‘ವಂಚನೆ’ ಎಂಬ ಹಣೆಪಟ್ಟಿ ಹಚ್ಚಿ ಆಪ್‌ನಿಂದ ಹೊರಹಾಕಿತ್ತು. ಇದು ಕಂಪ್ಯೂಟರಿನ ತೀರ್ಮಾನವಲ್ಲ, ಪೋಲೆಂಡಿನ ಕ್ರಾಕೋವ್‌ನಲ್ಲಿ ನಮ್ಮ ಸಿಬ್ಬಂದಿ ಕೂತು ಪರಿಶೀಲಿಸುತ್ತಾರೆ ಎಂದು ಕಂಪನಿ ವಾದಿಸಿತು. ಕೋರ್ಟು ನಂಬಲಿಲ್ಲ. ಆ ಸಿಬ್ಬಂದಿಯ ಪಾತ್ರ ಹೆಚ್ಚುಕಮ್ಮಿ ಹೆಸರಿಗಷ್ಟೇ ಎಂದಿತು. ಓಲಾ ಪ್ರಕರಣ ಇನ್ನೂ ಸ್ವಾರಸ್ಯದ್ದು. ಈ ಚಾಲಕ ಮೋಸ ಮಾಡುವ ಸಾಧ್ಯತೆ ಎಷ್ಟು ಅಂತ ಕಂಪನಿ ಒಳಗೊಳಗೇ ಅಂಕ ಹಾಕುತ್ತಿತ್ತು. ಆ ಅಂಕದ ವಿವರವನ್ನು ಚಾಲಕನಿಗೆ ಕೊಡಬೇಕು ಎಂದು ಆದೇಶವಾಯಿತು. ವ್ಯಾಪಾರದ ಗುಟ್ಟು ಎಂಬ ವಾದ ನಡೆಯಲಿಲ್ಲ.

ನಮ್ಮೂರಿನ ಕಂಪನಿಯ ಲೆಕ್ಕ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೊರಗೆ ಬಂತು, ನಿಮ್ಮ ಮಗನಿಗೆ ಮಾತ್ರ ಕಾರಣವೂ ಸಿಗುವುದಿಲ್ಲ. ಯಾಕೆ? ಬರೀ ಯಂತ್ರದ ತೀರ್ಮಾನದಿಂದ ಒಬ್ಬನ ಬದುಕಿಗೆ ದೊಡ್ಡ ಪೆಟ್ಟು ಬೀಳುವಂತಿದ್ದರೆ ಅದನ್ನು ಪ್ರಶ್ನಿಸುವ ಹಕ್ಕು ಯುರೋಪಿನ ಡೇಟಾ ಕಾನೂನಿನಲ್ಲಿದೆ. ನಮ್ಮ 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ಕಲಮೇ ಇಲ್ಲ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕರನ್ನು, ಅಂದರೆ ನಿಮ್ಮ ಮಗನಂತೆ ಆಪ್ ಮೂಲಕ ದುಡಿಯುವವರನ್ನು, ಗುರುತಿಸಿದ್ದು ಒಳ್ಳೆಯದೇ. ಅದರಲ್ಲೂ ಆಪ್‌ನ ಲೆಕ್ಕಾಚಾರದ ಬಗ್ಗೆ ಚಕಾರವಿಲ್ಲ.

ಆದರೆ ಕರ್ನಾಟಕದಲ್ಲಿ ಒಂದು ದಾರಿ ತೆರೆದಿದೆ. 2025ರ ಮೇನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ಗಿಗ್ ಕಾರ್ಮಿಕರ ಕಾಯ್ದೆ ನಮ್ಮಲ್ಲಿದೆ. ರಾಜಸ್ಥಾನ 2023ರಲ್ಲೇ ಇಂಥದೊಂದು ಮಾಡಿತ್ತು. ನಮ್ಮ ಕಾಯ್ದೆ ಬಂದಾಗ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಕಂಪನಿ 1ರಿಂದ 5 ಪರ್ಸೆಂಟ್ ಕ್ಷೇಮ ಶುಲ್ಕ ಕಟ್ಟಬೇಕು ಎಂಬ ಸುದ್ದಿಯೇ ಜಾಸ್ತಿ ಓಡಾಡಿತು. ದುಡ್ಡಿನ ಸುದ್ದಿ ಅಲ್ವಾ, ಸಹಜ. ನನಗೆ ಮುಖ್ಯ ಅನ್ನಿಸಿದ್ದು ಬೇರೆ ಎರಡು ವಿಷಯ. ಕೆಲಸದಿಂದ ತೆಗೆಯುವ ಮುಂಚೆ 14 ದಿನದ ನೋಟಿಸ್ ಕೊಡಬೇಕು, ಕಾರಣ ಬರಹದಲ್ಲಿರಬೇಕು. ಜೊತೆಗೆ ಕೆಲಸ ಹಂಚುವ, ರೇಟಿಂಗ್ ಕೊಡುವ ಆ ಸಾಫ್ಟ್‌ವೇರ್ ಕಾರ್ಮಿಕನ ದುಡಿಮೆಯ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಎಂಬ ಮಾಹಿತಿ ಅವನಿಗೆ ಸಿಗಬೇಕು.

ಇಲ್ಲಿ ಒಂದು ಸಂದು ಉಳಿದಿದೆ, ನನ್ನ ಚಿಂತೆಯೂ ಅದೇ. ಐಡಿ ಬ್ಲಾಕ್ ಆದರೆ ಗೊತ್ತಾಗುತ್ತದೆ. ಆರ್ಡರ್ ದಿನೇದಿನೇ ಕಮ್ಮಿಯಾದರೆ? ಹುಡುಗ ಹೋಟೆಲಿನ ಮುಂದೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಲೇ ಇರುತ್ತಾನೆ. ಇನ್ಸೆಂಟಿವ್‌ಗೆ ಇನ್ನೆರಡು ಆರ್ಡರ್ ಬಾಕಿ ಇರುವಾಗ ಫೋನ್ ತಣ್ಣಗಾಗುತ್ತದೆ. ಬೇಕಂತಲೇ ಮಾಡಿದ್ದೋ, ಮಳೆ ನಿಂತು ಆರ್ಡರ್ ಇಳಿದಿದ್ದೋ, ಅವನಿಗೆ ತಿಳಿಯುವ ದಾರಿಯೇ ಇಲ್ಲ. ಅವನನ್ನು ಯಾರೂ ತೆಗೆದಿಲ್ಲ, ಹಾಗಾಗಿ ನೋಟಿಸಿನ ಮಾತೂ ಇಲ್ಲ. ಮೇಲೆ ಹೇಳಿದ ಪಟ್ಟಿ ಬೇಕಾಗುವುದೇ ಇಂಥ ಕಡೆ. ಅದನ್ನು ಒಬ್ಬ ಹುಡುಗ ಕೇಳಿದರೆ ಸಾಲದು, ಏಕೆಂದರೆ ಅವನಿಗೆ ಸಿಗುವುದು ಅವನ ಲೆಕ್ಕ ಮಾತ್ರ. ಕಾಯ್ದೆಯಡಿ ರಚನೆಯಾಗುವ ಮಂಡಳಿಯೇ ವರ್ಷಕ್ಕೊಮ್ಮೆ ಎಲ್ಲರ ಲೆಕ್ಕ ತರಿಸಿ ಹೋಲಿಸಬೇಕು. ಮಂಡಳಿ ಶುಲ್ಕ ವಸೂಲಿಗಷ್ಟೇ ನಿಂತರೆ ಅದು ವಿಮೆ ಹಂಚುವ ಮತ್ತೊಂದು ಕಚೇರಿಯಾಗುತ್ತದೆ.

ಸರ್ಕಾರವೇ ಆಪ್ ನಡೆಸಲಿ ಅಂದಿರಿ. ಅದೇ ನೆದರ್ಲೆಂಡ್ಸ್‌ನ ತೆರಿಗೆ ಇಲಾಖೆ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ತಂದೆತಾಯಂದಿರನ್ನು ಮೋಸಗಾರರು ಅಂತ ಗುರುತಿಸಿ ಹಣ ವಾಪಸ್ ಕೇಳಿತು. ಯಾರ ಮೇಲೆ ಅನುಮಾನ ಪಡಬೇಕೆಂದು ಆರಿಸುವ ಕೆಲಸದಲ್ಲಿ ಅಲ್ಲೂ ಸಾಫ್ಟ್‌ವೇರ್ ಇತ್ತು. ಆ ಹಗರಣದಿಂದ 2021ರ ಜನವರಿಯಲ್ಲಿ ಅಲ್ಲಿನ ಪ್ರಧಾನಿ ಮಾರ್ಕ್ ರುಟ್ಟೆ ಸರ್ಕಾರ ರಾಜೀನಾಮೆ ಕೊಟ್ಟಿತು. ಆಪ್ ಯಾರದಾದರೂ ಇರಲಿ, ಕಾರಣ ಕೇಳುವ ಹಕ್ಕು ಮತ್ತು ತಪ್ಪಾದರೆ ಅದನ್ನು ರದ್ದು ಮಾಡುವ ಅಧಿಕಾರವುಳ್ಳ ಒಬ್ಬ ಮನುಷ್ಯ, ಇವೆರಡೂ ಇರಬೇಕು.

ಈಗ ನಿಮ್ಮ ಮಗ ಮಾಡಬೇಕಾದ್ದು. ಬ್ಲಾಕ್ ಆದ ಸ್ಕ್ರೀನ್, ಚಾಟ್, ಹಿಂದಿನ ವಾರಗಳ ಗಳಿಕೆಯ ಪುಟ, ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿ. ಲಾಗಿನ್ ಪೂರ್ತಿ ಹೋದರೆ ಆಮೇಲೆ ಏನೂ ಸಿಗುವುದಿಲ್ಲ. ಚಾಟ್ ಬಿಟ್ಟು ಇಮೇಲ್ ಬರೆಯಲಿ, ಕಾಯ್ದೆಯ ಹೆಸರು ಹೇಳಿ, ಕಾರಣ ಬರಹದಲ್ಲಿ ಕೊಡಿ ಎಂದು ಕೇಳಲಿ. ಅದರ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಗೂ ಒಂದು ಅರ್ಜಿ ಹೋಗಲಿ. ಕಂಪನಿಯಿಂದ ಏನು ಉತ್ತರ ಬಂತು ಅಂತ ನಮಗೂ ತಿಳಿಸಿ. ಬರದೇ ಇದ್ದರೂ ತಿಳಿಸಿ.

- ಸಂಪಾದಕ