ಪಟ್ಟಿಯಲ್ಲಿರುವ ಕೆಲಸಕ್ಕೆ ದಿನದಲ್ಲಿ ಜಾಗವೆಲ್ಲಿ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಮಾಡಬೇಕಾದ ಕೆಲಸಗಳನ್ನು ಡೈರಿಯ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಿದ್ದವಳು ಎರಡು ತಿಂಗಳಿಂದ ಎಲ್ಲವನ್ನೂ ಗೂಗಲ್ ಕ್ಯಾಲೆಂಡರ್‌ಗೆ ಈವೆಂಟ್‌ಗಳಾಗಿ ಹಾಕುತ್ತಿದ್ದೇನೆ. ದಿನವಿಡೀ ಫೋನು ಸದ್ದು ಮಾಡುತ್ತದೆ. ಆದರೂ ಸಂಜೆಗೆ ಅರ್ಧ ಕೆಲಸವೂ ಮುಗಿದಿರುವುದಿಲ್ಲ, ಉಳಿದದ್ದು ಯಾವುದೆಂಬುದೂ ಮರೆತುಹೋಗುತ್ತದೆ. ತಪ್ಪು ಎಲ್ಲಿದೆ? ಕಳೆದ ಭಾನುವಾರದ ಕ್ಯಾಲೆಂಡರ್ ಚಿತ್ರವನ್ನು ಜೊತೆಗಿಟ್ಟಿದ್ದೇನೆ. ಎಂಟನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ.
– ಶಿಕ್ಷಕಿ, ಸಾಗರ

ಉತ್ತರ: ನಿಮ್ಮ ಭಾನುವಾರದ ಚಿತ್ರದಲ್ಲಿ ಹತ್ತರಿಂದ ಹನ್ನೊಂದರವರೆಗಿನ ಚೌಕದಲ್ಲಿ ‘ಎಂಟನೇ ತರಗತಿ ಉತ್ತರಪತ್ರಿಕೆ’ ಎಂದಿದೆ, ಹನ್ನೊಂದಕ್ಕೆ ಸರಿಯಾಗಿ ‘ಅಂಕ ನಮೂದಿಸುವುದು’ ಶುರುವಾಗುತ್ತದೆ. ಒಂದು ಪತ್ರಿಕೆಗೆ ಐದೇ ನಿಮಿಷ ಹಿಡಿದರೂ 42 ಪತ್ರಿಕೆಗೆ 210 ನಿಮಿಷ, ಅಂದರೆ ಮೂರೂವರೆ ಗಂಟೆ ಬೇಕು. ನಡುವೆ ಒಂದು ಲೋಟ ಕಾಫಿಗೂ ಎದ್ದಿಲ್ಲವೆಂದು ಇಟ್ಟುಕೊಂಡರೂ ಆ ಭಾನುವಾರ ಹನ್ನೊಂದು ಗಂಟೆಗೇ ಹಳಿ ತಪ್ಪಿತ್ತು. ಇದರಲ್ಲಿ ನಿಮ್ಮ ಆಲಸ್ಯದ ಪಾತ್ರವೇನೂ ಇಲ್ಲ, ಲೆಕ್ಕ ತಪ್ಪಿದೆ ಅಷ್ಟೆ.

ಈ ತಪ್ಪು ಲೆಕ್ಕ ನಿಮ್ಮೊಬ್ಬರದಲ್ಲ. ನಮ್ಮ ಕೆಲಸಕ್ಕೆ ಹಿಡಿಯುವ ಸಮಯವನ್ನು ನಾವು ಸಾಮಾನ್ಯವಾಗಿ ಕಡಿಮೆಯೆಂದೇ ಎಣಿಸುತ್ತೇವೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ್ದರು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಸರಾಸರಿ ಸುಮಾರು 34 ದಿನ ಸಾಕೆಂದಿದ್ದ ವಿದ್ಯಾರ್ಥಿಗಳಿಗೆ ಕೊನೆಗೆ ಸುಮಾರು 55 ದಿನಗಳು ಬೇಕಾದವು. ಆದ್ದರಿಂದ ಚೌಕದ ಉದ್ದವನ್ನು ಅಂದಾಜಿನಿಂದ ಎಳೆಯಬೇಡಿ. ಐದು ಪತ್ರಿಕೆಗಳನ್ನು ಗಡಿಯಾರ ನೋಡಿಕೊಂಡು ತಿದ್ದಿ, ಬಂದ ಸಮಯವನ್ನು ಉಳಿದ ಪತ್ರಿಕೆಗಳಿಗೆ ಗುಣಿಸಿ, ಆ ಗಂಟೆಗಳನ್ನು ಎರಡು ಮೂರು ದಿನಗಳ ಮೇಲೆ ಹಂಚಿ. ಹೆಸರನ್ನೂ ‘ಉತ್ತರಪತ್ರಿಕೆ’ ಎಂದಷ್ಟೇ ಬಿಡದೆ ‘ಉತ್ತರಪತ್ರಿಕೆ 1ರಿಂದ 14’ ಎಂದು ಬರೆದರೆ, ಅಂದಿನ ಪಾಲು ಮುಗಿಯಿತೋ ಇಲ್ಲವೋ ಎಂಬುದು ನಿಮಗೇ ಖಚಿತವಾಗುತ್ತದೆ.

ಉಳಿದ ಕೆಲಸ ಮರೆತುಹೋಗುವುದಕ್ಕೆ ಕಾರಣ ಬೇರೆ. ಕ್ಯಾಲೆಂಡರ್‌ನಲ್ಲಿ ಹೊಸದೊಂದನ್ನು ಸೇರಿಸುವಾಗ ‘ಈವೆಂಟ್’ ಮತ್ತು ‘ಟಾಸ್ಕ್’ ಎಂಬ ಆಯ್ಕೆಗಳು ಸಿಗುತ್ತವೆ. ಈವೆಂಟ್ ಎಂಬುದು ಬಸ್ಸಿನಂತೆ: ನೀವು ಹತ್ತಿದರೂ ಹತ್ತದಿದ್ದರೂ ಹೊತ್ತಿಗೆ ಸರಿಯಾಗಿ ಹೊರಟುಹೋಗುತ್ತದೆ, ಮರುದಿನ ಅದರ ಸುಳಿವೂ ಇರುವುದಿಲ್ಲ. ಟಾಸ್ಕ್ ಹಾಗಲ್ಲ, ಮುಗಿಯಿತೆಂದು ನೀವು ಗುರುತು ಹಾಕುವವರೆಗೆ ಅದು ಬಾಕಿಯ ಸಾಲಿಗೆ ಸೇರಿ ಇಂದಿನ ದಿನಾಂಕದ ತಲೆಯ ಮೇಲೆಯೇ ಕುಳಿತಿರುತ್ತದೆ. (‘ಕಪಾಟು ಜೋಡಿಸುವುದು’ ಎಂಬ ನನ್ನ ಟಾಸ್ಕ್ ಯುಗಾದಿಯಿಂದ ಹಾಗೆ ಕುಳಿತಿದೆ.) ತರಗತಿ, ಸಭೆ, ವೈದ್ಯರ ಭೇಟಿಯಂತಹ ನಿಗದಿತ ಹೊತ್ತಿನವು ಈವೆಂಟ್ ಆಗಲಿ, ನೀವೇ ಕುಳಿತು ಮುಗಿಸಬೇಕಾದವು ಟಾಸ್ಕ್ ಆಗಲಿ. ದೀರ್ಘ ಏಕಾಗ್ರತೆ ಬೇಡುವ ಒಂದೆರಡು ಕೆಲಸಗಳಿಗೆ ಮಾತ್ರ ಟಾಸ್ಕ್ ಇದ್ದೂ ಈವೆಂಟ್ ರೂಪದಲ್ಲಿ ಸಮಯ ಕಾದಿರಿಸಿಕೊಳ್ಳಿ.

ಮೊದಲು ಶಾಲೆಯ ವೇಳಾಪಟ್ಟಿಯನ್ನು ವಾರವಾರವೂ ಮರುಕಳಿಸುವ ಈವೆಂಟ್ ಆಗಿ ತುಂಬಿ. ಹಾಗೆ ಮಾಡಿದ ಮೇಲೆ ಪಟ್ಟಿಯ ಕೆಲಸಗಳಿಗೆ ವಾರದ ದಿನಗಳಲ್ಲಿ ಉಳಿಯುವುದು ದಿನಕ್ಕೆ ಎರಡು ಗಂಟೆಯಷ್ಟೇ ಎಂಬುದು ಕಣ್ಣಿಗೆ ಕಾಣುತ್ತದೆ. ಹದಿನಾರು ಗಂಟೆಗಳ ಚೌಕಗಳನ್ನು ತುಂಬುವ ಆಸೆ ಅಲ್ಲಿಗೇ ಇಳಿಯುತ್ತದೆ. ಆ ಎರಡು ಗಂಟೆಯಲ್ಲೂ ಅರ್ಧ ಗಂಟೆಯನ್ನು ಖಾಲಿ ಬಿಡಿ, ಏಕೆಂದರೆ ಮುಖ್ಯೋಪಾಧ್ಯಾಯರಿಂದ ‘ಇವತ್ತೇ ಬೇಕು’ ಎಂಬ ಮಾಹಿತಿಯ ಕರೆ ಯಾವ ಕ್ಯಾಲೆಂಡರನ್ನೂ ಕೇಳಿ ಬರುವುದಿಲ್ಲ. ಗ್ಯಾಸ್ ಬುಕ್ ಮಾಡುವುದು, ಸೀರೆಗೆ ಫಾಲ್ಸ್ ಹಾಕಿಸುವುದು ಮುಂತಾದವಕ್ಕೆ ಗಂಟೆ ಬೇಡ, ದಿನಾಂಕ ಸಾಕು. ಅಧಿಸೂಚನೆಯ ಸದ್ದನ್ನು ಈವೆಂಟ್‌ಗಳಿಗೆ ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ: ಅತ್ತೆಯವರ ಕಣ್ಣಿನ ತಪಾಸಣೆಯ ದಿನವನ್ನು ಟಾಸ್ಕ್ ಆಗಿ ಹಾಕಿದ್ದೆ. ಕ್ಯಾಲೆಂಡರ್ ಹಂಚಿಕೊಂಡಿದ್ದರೂ ಅದು ನಮ್ಮ ಯಜಮಾನರ ಫೋನಿನಲ್ಲಿ ಕಾಣಿಸಲಿಲ್ಲ, ಅವರು ಅದೇ ದಿನ ಊರಿಗೆ ಹೊರಟುಬಿಟ್ಟರು. ಏಕೆ ಹೀಗಾಯಿತು?
– ಗೃಹಿಣಿ, ಹಾಸನ

ಉತ್ತರ: ಗೂಗಲ್‌ನಲ್ಲಿ ನಿಮ್ಮ ಟಾಸ್ಕ್ ನಿಮಗೆ ಮಾತ್ರ ಕಾಣುತ್ತದೆ; ಕ್ಯಾಲೆಂಡರ್ ಹಂಚಿಕೊಂಡವರಿಗೂ ಅದು ಕಾಣಿಸದು. ತಪಾಸಣೆಯನ್ನು ಈವೆಂಟ್ ಆಗಿ ಹಾಕಿ, ಅತಿಥಿಗಳ ಜಾಗದಲ್ಲಿ ಯಜಮಾನರ ಜಿಮೇಲ್ ವಿಳಾಸ ಸೇರಿಸಿದರೆ ಅವರ ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ. ಹಳೆಯ ಕನ್ನಡಕ ಮತ್ತು ಚೀಟಿ ತೆಗೆದಿಟ್ಟುಕೊಳ್ಳುವುದು ಮಾತ್ರ ನಿಮ್ಮ ಹಿಂದಿನ ದಿನದ ಟಾಸ್ಕ್ ಆಗಿಯೇ ಇರಲಿ.