ಬಿರುಕಿನ ಸದ್ದು ಹಿಡಿಯುವ ಸೆನ್ಸರ್

ಪ್ರಶ್ನೆ: ಲ್ಯಾಬಿನಲ್ಲಿ ಕಾಂಕ್ರೀಟ್ ಬೀಮ್ ಮೇಲೆ ಭಾರ ಹೇರಿ, ಅದು ಬಿರುಕು ಬಿಡುವ ಸದ್ದು ಹಿಡಿಯಲು ಬಜರ್‌ನ ಪೀಜೋ (ಕಂಪಿಸಿದಾಗ ವೋಲ್ಟೇಜ್ ಕೊಡುವ) ಬಿಲ್ಲೆಗಳನ್ನು ಹಾಟ್ ಗ್ಲೂನಿಂದ ಅಂಟಿಸಿದ್ದೇವೆ. ಯಂತ್ರದ ಪಂಪಿನ ಗದ್ದಲ ಬಿಟ್ಟರೆ ಏನೂ ಸಿಗುತ್ತಿಲ್ಲ. ಆಂಪ್ಲಿಫೈಯರ್ ಬದಲಿಸಬೇಕೆ?

ಉತ್ತರ: ಆಂಪ್ಲಿಫೈಯರ್ ಹಾಗೇ ಇರಲಿ, ಮೊದಲು ಬಿಲ್ಲೆ ಬದಲಿಸಿ. ಹಿತ್ತಾಳೆ ತಗಡಿನ ಬಜರ್ ಬಿಲ್ಲೆ ಬಾಗಿ ಕಂಪಿಸುವಂಥದ್ದು. ಅದು ಚೆನ್ನಾಗಿ ಕೇಳಿಸಿಕೊಳ್ಳುವುದು ಕೆಲವೇ ಕಿಲೋಹರ್ಟ್ಸ್‌ನಲ್ಲಿ. ಪಂಪಿನ ಸದ್ದೂ ಅಲ್ಲೇ ಇರುತ್ತದೆ. ಕಾಂಕ್ರೀಟಿನ ಬಿರುಕನ್ನು ಹುಡುಕಬೇಕಾದ್ದು ಸುಮಾರು 20ರಿಂದ 100 ಕಿಲೋಹರ್ಟ್ಸ್ ನಡುವೆ.

ತಗಡಿಲ್ಲದ ಪಿಜೆಡ್‌ಟಿ (ಪೀಜೋ ಸೆರಾಮಿಕ್) ಬಿಲ್ಲೆ ತೆಗೆದುಕೊಳ್ಳಿ: 20 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ. ವ್ಯಾಸದ ದಿಕ್ಕಿನಲ್ಲಿ ಅದರ ಅನುರಣನ (ಅದು ಅತಿ ಜೋರಾಗಿ ಕಂಪಿಸುವ ಆವರ್ತನ) ಸುಮಾರು 100 ಕಿಲೋಹರ್ಟ್ಸ್, ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) 2.4 ನ್ಯಾನೋಫ್ಯಾರಡ್ ಆಸುಪಾಸು. ಬೆಸುಗೆಯನ್ನು ಒಂದೆರಡು ಸೆಕೆಂಡಿನಲ್ಲಿ ಮುಗಿಸಿ. ಹೆಚ್ಚು ಕಾಯಿಸಿದರೆ ಬಿಲ್ಲೆಗೆ ಪೀಜೋ ಗುಣ ಕೊಡುವ ಧ್ರುವೀಕರಣವೇ ಹೋಗಿ ಅದು ಬರೀ ಸೆರಾಮಿಕ್ ಚೂರಾಗುತ್ತದೆ. ಮುಂಭಾಗಕ್ಕೆ ತೆಳುವಾದ ಅಲ್ಯೂಮಿನಾ ಹಾಳೆ, ಸುತ್ತ ಲೋಹದ ಕವಚ. ಬಿಲ್ಲೆಯ ಹಿಂದೆ ಟಂಗ್‌ಸ್ಟನ್ ಪುಡಿ ಬೆರೆಸಿದ ಎಪಾಕ್ಸಿ ತುಂಬಿದರೆ ತರಂಗದ ಆಕಾರ ಸ್ಪಷ್ಟವಾಗುತ್ತದೆ, ಆದರೆ ಸೂಕ್ಷ್ಮತೆ ಇಳಿಯುತ್ತದೆ. ಸದ್ದುಗಳನ್ನು ಎಣಿಸುವುದಷ್ಟೇ ಉದ್ದೇಶವಾದರೆ ಅದು ಬೇಡ.

ಕೇಬಲ್ ಬಗ್ಗೆ ಬಹಳಷ್ಟು ಜನ ಯೋಚಿಸುವುದೇ ಇಲ್ಲ. ಕೋಆಕ್ಸಿಯಲ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ. 20 ಮೀಟರ್ ಎಳೆದರೆ ಅದು 2 ನ್ಯಾನೋಫ್ಯಾರಡ್ ಆಗಿ, ಬಿಲ್ಲೆ ಕೊಡುವ ವೋಲ್ಟೇಜಿನಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಕಳೆದುಹೋಯಿತು. ಹಾಗಾಗಿ 40 ಡೆಸಿಬೆಲ್ ಪ್ರೀಆಂಪ್ (ಮೊದಲ ಹಂತದ ಆಂಪ್ಲಿಫೈಯರ್) ಸೆನ್ಸರ್ ಪಕ್ಕದಲ್ಲೇ ಇರಬೇಕು. ಅದರ ಇನ್‌ಪುಟ್‌ಗೆ ಅಡ್ಡಲಾಗಿ 10 ಕಿಲೋಓಮ್ ರೆಸಿಸ್ಟರ್ ಹಾಕಿ, ಸುಮಾರು 6.6 ಕಿಲೋಹರ್ಟ್ಸ್‌ಗಿಂತ ಕೆಳಗಿನ ಗದ್ದಲ ಅಲ್ಲೇ ತಗ್ಗುತ್ತದೆ. ಉಳಿದದ್ದಕ್ಕೆ 20 ಕಿಲೋಹರ್ಟ್ಸ್ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನದನ್ನು ತಡೆಯುವ ಫಿಲ್ಟರ್.

ಹಾಟ್ ಗ್ಲೂ ಮೆತ್ತಗಿರುವುದರಿಂದ ಅಲೆಯನ್ನು ನುಂಗುತ್ತದೆ. ಬೀಮಿನ ಮೇಲಿನ ಸಿಮೆಂಟ್ ಹಾಲಿನ ಪದರ ಉಜ್ಜಿ ತೆಗೆದು, ಧೂಳು ಒರೆಸಿ, ಸಣ್ಣ ಗುಳಿಗಳಿಗೆ ಎಪಾಕ್ಸಿ ತುಂಬಿ ಸಮ ಮಾಡಿ. ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ, ಸೆನ್ಸರನ್ನು ಸ್ಪ್ರಿಂಗ್ ಕ್ಲಾಂಪಿನಿಂದ ಒತ್ತಿ ಹಿಡಿಸಿ. ನಡುವೆ ಗಾಳಿ ಉಳಿದರೆ ಅಲೆ ದಾಟುವುದೇ ಇಲ್ಲ.

ಪರೀಕ್ಷೆಗೆ 0.5 ಮಿ.ಮೀ. 2ಎಚ್ (ಗಡಸು) ಪೆನ್ಸಿಲ್ ಕಡ್ಡಿ ಸಾಕು; ಅದು ಮುರಿಯುವ ಸದ್ದೇ ಬಿರುಕಿನ ಸದ್ದಿನ ಬದಲಿ. 3 ಮಿ.ಮೀ. ಹೊರಚಾಚಿ, ಬೀಮಿನ ಮೇಲ್ಮೈಗೆ 30 ಡಿಗ್ರಿ ಕೋನದಲ್ಲಿ ಒತ್ತಿ ಮುರಿಯಿರಿ. ಪ್ರತಿ ಸೆನ್ಸರಿನಿಂದಲೂ ಒಂದೇ ದೂರದಲ್ಲಿ ನಾಲ್ಕಾರು ಸಲ ಮುರಿದು ನೋಡಿ. ಯಾವುದಾದರೂ ಒಂದು ಉಳಿದವಕ್ಕಿಂತ 6 ಡೆಸಿಬೆಲ್ ಕಡಿಮೆ ತೋರಿಸಿದರೆ, ಗ್ರೀಸ್ ಒರೆಸಿ ಮತ್ತೆ ಕೂರಿಸಿ.

ಪ್ರಶ್ನೆ: ಭಾರ ಇಳಿಸಿ ಮತ್ತೆ ಏರಿಸಿದಾಗ ಸೆನ್ಸರ್ ಮೌನವಾಗುತ್ತದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿರಬೇಕೆಂದಿಲ್ಲ. ಹಿಂದೆ ಹೇರಿದ್ದ ಗರಿಷ್ಠ ಭಾರವನ್ನು ಮೀರುವವರೆಗೆ ವಸ್ತು ಸಾಮಾನ್ಯವಾಗಿ ಹೊಸ ಸದ್ದು ಮಾಡುವುದಿಲ್ಲ; ಜರ್ಮನಿಯ ಯೋಸೆಫ್ ಕೈಸರ್ 1950ರಲ್ಲಿ ಲೋಹಗಳಲ್ಲಿ ಇದನ್ನು ವಿವರಿಸಿದರು. ಆ ಮೌನದ ಹೊತ್ತಿನಲ್ಲೇ ಒಂದು ಪೆನ್ಸಿಲ್ ಕಡ್ಡಿ ಮುರಿದು ನೋಡಿ. ಅದು ದಾಖಲಾದರೆ ಸೆನ್ಸರ್ ಸರಿಯಿದೆ. ಆತಂಕಪಡಬೇಕಾದ್ದು ಇದಕ್ಕೆ ತದ್ವಿರುದ್ಧವಾದಾಗ: ಹಳೆಯ ಗರಿಷ್ಠಕ್ಕೆ ಎಷ್ಟೋ ಮೊದಲೇ ಸದ್ದು ಶುರುವಾದರೆ ಒಳಗೆ ಹಾನಿ ಬಲಿತಿದೆ ಎಂದರ್ಥ. ಎಷ್ಟು ಭಾರಕ್ಕೆ ಶುರುವಾಯಿತು ಎಂಬುದನ್ನು ಹಳೆಯ ಗರಿಷ್ಠದಿಂದ ಭಾಗಿಸಿ, ಪ್ರತಿ ಸುತ್ತಿನಲ್ಲೂ ಬರೆದಿಡಿ.