ವರ್ಡ್ ಫೈಲಿನಲ್ಲಿ ಅಲಂಕಾರದ ಶೀರ್ಷಿಕೆ, ಚಿತ್ರ ಹಾಕಿದ ಮೇಲೆ ಒಂದು ಸಾಲು ಸೇರಿಸಿದರೂ ಎಲ್ಲವೂ ಇದ್ದ ಜಾಗ ಬಿಟ್ಟು ಹೋಗುತ್ತದೆ. ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಮೊದಲ ವಾರ್ಷಿಕ ವರದಿ ನೆನಪಾಯಿತು. ನಿಮ್ಮದು ಹನ್ನೆರಡು ಪುಟ, ಕಮಾನಿನಂತೆ ಬಾಗಿದ ಶೀರ್ಷಿಕೆ, ಒಳಗೆ ಚಿತ್ರಗಳು, ಸುತ್ತ ಬಾರ್ಡರ್. ಎಲ್ಲ ಹೊಂದಿಸಿದ ಮೇಲೆ ಎರಡನೇ ಪುಟಕ್ಕೆ ಒಂದು ಸಾಲು ಸೇರಿಸಿದಿರಿ, ಮೂರನೇ ಪುಟದ ಚಿತ್ರ ನಾಲ್ಕಕ್ಕೆ ಹೋಯಿತು ಎಂದಿದ್ದೀರಿ. ನನಗೆ ಆಗಿದ್ದು ಇದಕ್ಕಿಂತ ಕೆಟ್ಟದ್ದು. ಕೊನೆಯ ಗಳಿಗೆಯಲ್ಲಿ ಬೇಡವೆನಿಸಿದ ಒಂದು ಪ್ಯಾರಾ ಅಳಿಸಿದೆ. ಅದರ ಜೊತೆಗೆ ಮುಂದಿದ್ದ ಗುಂಪುಚಿತ್ರವೂ ಹೋಯಿತು. ಗೊತ್ತಾಗಿದ್ದು ಪ್ರಿಂಟಾಗಿ ಕೈಗೆ ಬಂದ ಮೇಲೆ.

ಚಿತ್ರ ಏಕೆ ಹೋಯಿತು ಎಂದು ತಿಳಿದುಕೊಂಡರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಬಗೆಹರಿದಂತೆ. ವರ್ಡ್‌ನಲ್ಲಿ ನೀವು ಹಾಕುವ ಚಿತ್ರ, ಶೇಪ್, ವರ್ಡ್‌ಆರ್ಟ್, (ಅಲಂಕಾರದ ಅಕ್ಷರ), ಟೆಕ್ಸ್ಟ್ ಬಾಕ್ಸ್ (ಅಕ್ಷರದ ಪೆಟ್ಟಿಗೆ) ಎಲ್ಲವೂ ಎರಡರಲ್ಲಿ ಒಂದು ರೀತಿ ಇರುತ್ತವೆ. ಒಂದೋ ಸಾಲಿನೊಳಗೆ ಒಂದು ದೊಡ್ಡ ಅಕ್ಷರದಂತೆ ಕೂತಿರುತ್ತವೆ. ಇದಕ್ಕೆ ‘ಇನ್ ಲೈನ್ ವಿತ್ ಟೆಕ್ಸ್ಟ್’ ಎಂದು ಹೆಸರು. ಇಲ್ಲವೇ ಪುಟದ ಮೇಲೆ ತೇಲುತ್ತಿರುತ್ತವೆ. ತೇಲುವ ಚಿತ್ರ ಸ್ವತಂತ್ರವಾಗಿ ಕಂಡರೂ ಯಾವುದಾದರೂ ಒಂದು ಪ್ಯಾರಾಗೆ ಕಟ್ಟಿಯೇ ಇರುತ್ತದೆ. ಪ್ಯಾರಾ ಮುಂದಿನ ಪುಟಕ್ಕೆ ಹೋದರೆ ಚಿತ್ರವೂ ಹೋಗುತ್ತದೆ, ಪ್ಯಾರಾ ಅಳಿಸಿದರೆ ಚಿತ್ರವೂ ಅಳಿಯುತ್ತದೆ.

ಆ ಗಂಟು ಕಣ್ಣಿಗೆ ಕಾಣುತ್ತದೆ. ತೇಲುವ ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಒಂದು ಪ್ಯಾರಾದ ಪಕ್ಕ ಚಿಕ್ಕ ಲಂಗರಿನ ಗುರುತು ಬರುತ್ತದೆ. ಕಾಣದಿದ್ದರೆ ಫೈಲ್, ಆಪ್ಷನ್ಸ್, ಡಿಸ್‌ಪ್ಲೇಗೆ ಹೋಗಿ ‘ಆಬ್ಜೆಕ್ಟ್ ಆ್ಯಂಕರ್ಸ್’ ಟಿಕ್ ಮಾಡಿ. ಆ ಲಂಗರನ್ನು ಮೌಸಿನಿಂದ ಎಳೆದು, ಆ ಚಿತ್ರದ ಬಗ್ಗೆಯೇ ಹೇಳುವ ಪ್ಯಾರಾ ಪಕ್ಕ ಬಿಡಿ. ಬಳಿಕ ‘ಲೇಔಟ್ ಆಪ್ಷನ್ಸ್’ನಲ್ಲಿ ‘ಮೂವ್ ವಿತ್ ಟೆಕ್ಸ್ಟ್’ ಬೇಕೋ, ‘ಫಿಕ್ಸ್ ಪೊಸಿಷನ್ ಆನ್ ಪೇಜ್’ ಬೇಕೋ ಆರಿಸಿ. ಮಾತಿನ ಜೊತೆ ಬರಬೇಕಾದ ಚಿತ್ರಕ್ಕೆ ಮೊದಲನೆಯದು, ಪುಟದ ಮೂಲೆಯಲ್ಲೇ ಇರಬೇಕಾದ ಹೂಬಳ್ಳಿಗೆ ಎರಡನೆಯದು. ಎರಡನೆಯದನ್ನು ಆರಿಸಿದರೂ ಲಂಗರಿನ ಪ್ಯಾರಾ ಬೇರೆ ಪುಟಕ್ಕೆ ಹೋದರೆ ಚಿತ್ರ ಅದರ ಹಿಂದೆಯೇ ಹೋಗುತ್ತದೆ. ಪುಟದಲ್ಲಿನ ಜಾಗ ಮಾತ್ರ ಅದೇ ಉಳಿಯುತ್ತದೆ.

ತೇಲಿಸುವ ಅಗತ್ಯ ಇಲ್ಲದಿದ್ದರೆ ತೇಲಿಸಲೇಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಚಿತ್ರಕ್ಕೆ ಅದರದೇ ಒಂದು ಖಾಲಿ ಸಾಲು ಕೊಟ್ಟು, ಇನ್ ಲೈನ್ ಇಟ್ಟು, ನಡುವಿಗೆ ತಂದರೆ ಹತ್ತರಲ್ಲಿ ಎಂಟು ಕಡೆ ಸಾಕು. ಪರದೆ ಓದುವ ತಂತ್ರಾಂಶ ಬಳಸುವ ಅಂಧ ಓದುಗರಿಗೂ ಇದೇ ಅನುಕೂಲ; ಚಿತ್ರಕ್ಕೆ ಎರಡು ಸಾಲಿನ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಎಂಬ ವಿವರಣೆ, ಬರೆಯುವುದನ್ನು ಮಾತ್ರ ಮರೆಯಬೇಡಿ. ಒಂದು ಎಚ್ಚರಿಕೆ: ಆ ಸಾಲಿನ ಲೈನ್ ಸ್ಪೇಸಿಂಗ್ (ಸಾಲುಗಳ ನಡುವಿನ ಅಂತರ) ‘ಎಕ್ಸಾಕ್ಟ್‌ಲಿ’ ಎಂದಿದ್ದರೆ ಚಿತ್ರದ ಒಂದು ತೆಳು ಪಟ್ಟಿ ಮಾತ್ರ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದುಕೊಂಡು ಒಂದೇ ಚಿತ್ರವನ್ನು ಮತ್ತೆ ಮತ್ತೆ ಹಾಕಿ ನೋಡುವವರು ಬಹಳ. ‘ಸಿಂಗಲ್’ಗೆ ಬದಲಿಸಿದರೆ ಪೂರ್ತಿ ಬರುತ್ತದೆ.

ಚಿತ್ರದ ಪಕ್ಕದಲ್ಲೇ ಅಕ್ಷರ ಹರಿಯಬೇಕು ಎಂದರೆ ‘ಸ್ಕ್ವೇರ್’ ಆರಿಸುತ್ತೀರಿ. ಇಲ್ಲಿ ಕನ್ನಡದ್ದೇ ಒಂದು ಕಷ್ಟವಿದೆ. ನಮ್ಮ ಪದಗಳು ಉದ್ದ. ‘ಮಾಡಬೇಕಾಗಿರುವುದರಿಂದ’ ಎನ್ನುವುದು ಒಂದೇ ಪದ. ಚಿತ್ರ ಅರ್ಧ ಪುಟಕ್ಕಿಂತ ಅಗಲವಾದರೆ ಉಳಿದ ಕಿರಿದಾದ ಜಾಗದಲ್ಲಿ ಸಾಲಿಗೆ ಎರಡೇ ಪದ ಹಿಡಿಯುತ್ತವೆ, ಎರಡೂ ಬದಿ ಸಮ ಮಾಡಿದ್ದರೆ ನಡುವೆ ದೊಡ್ಡ ಖಾಲಿ ಬೀಳುತ್ತದೆ. ಹಾಗಾಗಿ ಸ್ಕ್ವೇರ್ ಇಟ್ಟರೆ ಚಿತ್ರದ ಅಗಲ ಸಾಲಿನ ಮೂರನೇ ಒಂದು ಭಾಗ ದಾಟದಿರಲಿ. ದಾಟಿದರೆ, ಅಕ್ಷರ ಚಿತ್ರದ ಮೇಲೆ ಕೆಳಗೆ ಮಾತ್ರ ಬರುವ ‘ಟಾಪ್ ಆ್ಯಂಡ್ ಬಾಟಮ್’ ಸರಿ.

ಇನ್ನು ಶೀರ್ಷಿಕೆ. ಇನ್ಸರ್ಟ್‌ನಲ್ಲಿ ವರ್ಡ್‌ಆರ್ಟ್ ಒತ್ತಿದರೆ ಸಿಗುವ ಮಾದರಿಗಳನ್ನು ನೋಡಿ ಮನಸ್ಸು ಸೋಲುವುದು ಸಹಜ. ಆದರೆ ಅದು ಶೀರ್ಷಿಕೆಯನ್ನು ಒಂದು ತೇಲುವ ಪೆಟ್ಟಿಗೆಗೆ ಹಾಕುತ್ತದೆ. ಪೆಟ್ಟಿಗೆಯೊಳಗಿನ ಶೀರ್ಷಿಕೆ ಫೈಲಿನ ಶೀರ್ಷಿಕೆಗಳನ್ನು ತೋರಿಸುವ ಎಡಬದಿಯ ನ್ಯಾವಿಗೇಷನ್ ಪಟ್ಟಿಯಲ್ಲಿ ಬರುವುದಿಲ್ಲ. ಅಧ್ಯಾಯಗಳ ಶೀರ್ಷಿಕೆಗೆ ಬೇರೆ ದಾರಿ ಇದೆ: ಎಂದಿನಂತೆ ವರ್ಡ್ ಕೊಡುವ ಶೀರ್ಷಿಕೆಯ ಮಾದರಿಯಾದ ಹೆಡಿಂಗ್ ಸ್ಟೈಲ್‌ನಲ್ಲೇ ಬರೆದು, ಅದನ್ನು ಸೆಲೆಕ್ಟ್ ಮಾಡಿ, ಹೋಮ್ ಟ್ಯಾಬಿನ ‘ಟೆಕ್ಸ್ಟ್ ಎಫೆಕ್ಟ್ಸ್’ನಿಂದ ನೆರಳು, ಹೊಳಪು, ಬಣ್ಣ ಕೊಡಿ. ವರ್ಡ್ 2010ರಿಂದ ಈ ಸೌಲಭ್ಯ ಇದೆ. ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಪುಟವೂ ಕದಲುವುದಿಲ್ಲ. ಕಮಾನಿನ ಬಾಗು ಮಾತ್ರ ವರ್ಡ್‌ಆರ್ಟ್‌ನ ‘ಟ್ರಾನ್ಸ್‌ಫಾರ್ಮ್’ನಿಂದಲೇ ಬರಬೇಕು, ಅದನ್ನು ಮುಖಪುಟಕ್ಕೆ ಇಟ್ಟುಕೊಳ್ಳಿ. ಲಿಬ್ರೆ ಆಫೀಸ್‌ನಲ್ಲಿ ಇದೇ ಕೆಲಸಕ್ಕೆ ‘ಫಾಂಟ್‌ವರ್ಕ್’ ಇದೆ. ಗೂಗಲ್ ಡಾಕ್ಸ್‌ನಲ್ಲಿ ಇನ್ಸರ್ಟ್ ಮೆನುವಿನ ‘ಡ್ರಾಯಿಂಗ್’ ತೆರೆದರೆ ವರ್ಡ್ ಆರ್ಟ್ ಸಿಗುತ್ತದೆ.

ಕನ್ನಡಕ್ಕೆ ಔಟ್‌ಲೈನ್ (ಅಕ್ಷರದ ಸುತ್ತ ಗೆರೆ) ಕೊಡುವಾಗ ಹತ್ತಿರದಿಂದ ನೋಡಿ. ಕೆಲವು ಫಾಂಟ್‌ಗಳಲ್ಲಿ ಅಕ್ಷರಕ್ಕೆ ಗುಣಿತದ ಚಿಹ್ನೆ ಸೇರುವ ಕಡೆ ಗೀರಿನಂತೆ ಒಂದು ಗೆರೆ ಉಳಿದಿರುತ್ತದೆ. ಪರದೆಯ ಮೇಲೆ ಕಾಣದ ಅದು ದೊಡ್ಡದಾಗಿ ಪ್ರಿಂಟ್ ತೆಗೆದಾಗ ಎದ್ದು ಕಾಣುತ್ತದೆ. 200 ಪ್ರತಿಶತ ಹಿಗ್ಗಿಸಿ ಪರೀಕ್ಷಿಸಿ. ಗೆರೆ ಇದ್ದರೆ ಔಟ್‌ಲೈನ್ ತೆಗೆದು ಬಣ್ಣ, ನೆರಳಿನಲ್ಲೇ ಮುಗಿಸಿ.

ಪ್ಯಾರಾದ ಮೊದಲ ಅಕ್ಷರ ದೊಡ್ಡದಾಗಿ ಬರುವ ‘ಡ್ರಾಪ್ ಕ್ಯಾಪ್’ ಬಗ್ಗೆಯೂ ಕೇಳಿದ್ದೀರಿ. ಸಾಮಾನ್ಯವಾಗಿ ಅದು ಮೂರು ಸಾಲಿನ ಎತ್ತರಕ್ಕೆ ನಿಲ್ಲುತ್ತದೆ. ಪ್ಯಾರಾ ‘ಸ್ವಾತಂತ್ರ್ಯ’ ಎಂದು ಶುರುವಾದರೆ ‘ಸ್ವಾ’ ಪೂರ್ತಿ ಸೆಲೆಕ್ಟ್ ಮಾಡಿದ ಮೇಲೆಯೇ ಡ್ರಾಪ್ ಕ್ಯಾಪ್ ಕೊಡಿ. ಆದರೂ ವಕಾರದ ಒತ್ತು ಕೆಳಗೆ ಇಳಿದು ನಾಲ್ಕನೇ ಸಾಲಿಗೆ ತಾಗಬಹುದು. ನಾನು ಇಂಥ ಕಡೆ ಫಾಂಟಿನ ಗಾತ್ರ ಹೊಂದಿಸುತ್ತಾ ಕೂರುವುದಿಲ್ಲ, ವಾಕ್ಯವನ್ನೇ ತಿರುಗಿಸಿ ಒತ್ತಕ್ಷರ ಇಲ್ಲದ ಪದದಿಂದ ಶುರು ಮಾಡುತ್ತೇನೆ. ‘ಅ’, ‘ಈ’, ‘ಒ’ ಇವು ದೊಡ್ಡದಾಗಿ ನಿಂತಾಗ ಬಹಳ ಚೆಂದ.

ಬಾರ್ಡರಿನ ಕೆಳಗೆರೆ ಪ್ರಿಂಟ್‌ನಲ್ಲಿ ಬರುತ್ತಿಲ್ಲ ಎಂದಿದ್ದೀರಿ. ವರ್ಡ್ ಅದನ್ನು ಹಾಳೆಯ ಅಂಚಿನಿಂದ 24 ಪಾಯಿಂಟ್, ಅಂದರೆ ಇಂಚಿನ ಮೂರನೇ ಒಂದು ಭಾಗದಷ್ಟು ಒಳಗೆ ಎಳೆಯುತ್ತದೆ. ಕೆಲವು ಪ್ರಿಂಟರುಗಳು ಅಷ್ಟು ಅಂಚಿನವರೆಗೆ ಮುದ್ರಿಸಲಾರವು. ‘ಪೇಜ್ ಬಾರ್ಡರ್ಸ್’ನ ಆಪ್ಷನ್ಸ್‌ನಲ್ಲಿ ‘ಮೆಷರ್ ಫ್ರಮ್’ ಅನ್ನು ‘ಟೆಕ್ಸ್ಟ್’ ಎಂದು ಮಾಡಿದರೆ ಗೆರೆ ಒಳಗೆ ಸರಿಯುತ್ತದೆ. ಎಲ್ಲ ಪುಟಗಳಲ್ಲೂ ಬರಬೇಕಾದ ಲಾಂಛನವನ್ನು, ಪುಟದ ಮೇಲ್ಭಾಗದ ಹೆಡರ್ ತೆರೆದು ಅದರೊಳಗೆ ಹಾಕಿ, ಪುಟಪುಟಕ್ಕೂ ಅಂಟಿಸಬೇಡಿ.

ಈಗಲೇ ಫೈಲ್ ತೆರೆದು ಮೂರನೇ ಪುಟದ ಚಿತ್ರದ ಮೇಲೆ ಕ್ಲಿಕ್ ಮಾಡಿ ನೋಡಿ. ಲಂಗರು ಬಹುಶಃ ಸಂಬಂಧವೇ ಇಲ್ಲದ, ಪುಟದ ಕೊನೆಯ ಯಾವುದೋ ಪ್ಯಾರಾ ಪಕ್ಕ ಇರುತ್ತದೆ. ಅದನ್ನು ಸರಿಯಾದ ಪ್ಯಾರಾಗೆ ಎಳೆದು, ಎರಡನೇ ಪುಟಕ್ಕೆ ಮತ್ತೆ ಒಂದು ಸಾಲು ಸೇರಿಸಿ. ಆಗಲೂ ಸರಿಹೋಗದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ಹಾಕಿ, ಲಂಗರಿನ ಗುರುತು ಕಾಣುವಂತೆ.